ಹತ್ತನೇ ಕ್ಲಾಸಿನ ಹುಡುಗಿಗೆ ಓದೋಕೆ ಒಂದು ಕಾದಂಬರಿ ಕೊಡಿ

ಮಾನ್ಯ ಸಂಪಾದಕರೇ,

ಹೈಸ್ಕೂಲು ಮಕ್ಕಳು ಪುಸ್ತಕ ಮುಟ್ಟುವುದಿಲ್ಲ, ಅವರಿಗೆ ಮೊಬೈಲೇ ಎಲ್ಲ ಅಂತ ನಿಮ್ಮ ಪತ್ರಿಕೆಯಲ್ಲೂ ಬೇರೆ ಕಡೆಯೂ ಆಗಾಗ ಓದುತ್ತಿರುತ್ತೇನೆ. ನಾನು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಓದುವ ಮಕ್ಕಳು ಇದ್ದಾರೆ. ಅವರ ಕೈಗೆ ಕೊಡೋಕೆ ಪುಸ್ತಕ ಇಲ್ಲ. ಹದಿನಾಲ್ಕು ಹದಿನೈದು ವರ್ಷದ ಹುಡುಗ ಹುಡುಗಿಯರು ಮನೆಯ ಜಗಳದ ನಡುವೆ ಹೇಗೆ ಬದುಕುತ್ತಾರೆ, ಗೆಳೆತನ ಅವರನ್ನು ಹೇಗೆ ಕಾಯುತ್ತದೆ, ಮೊದಲ ಸಲ ಒಬ್ಬರ ಮೇಲೆ ಮನಸ್ಸಾದಾಗ ಏನಾಗುತ್ತದೆ ಅನ್ನೋದನ್ನು ಅವರ ವಯಸ್ಸಿನಲ್ಲೇ ನಿಂತು ಹೇಳುವ ಕಾದಂಬರಿ ಕನ್ನಡದಲ್ಲಿ ಬಹಳ ಕಡಿಮೆ. ನಮ್ಮ ಕಡೆಯ ಊರು, ನಮ್ಮ ಕಡೆಯ ಮಾತು ಇರುವಂಥದ್ದು ನನ್ನ ಕೈಗಂತೂ ಸಿಕ್ಕಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಶಾಲೆಯ ಕಪಾಟು ತೆರೆದರೆ ಕೆಳಗಿನ ಹಲಗೆಯಲ್ಲಿ ಪಂಚತಂತ್ರ, ತೆನಾಲಿ ರಾಮ, ಬೀರಬಲ್ಲ, ಸ್ವಾತಂತ್ರ್ಯ ಹೋರಾಟಗಾರರ ತೆಳ್ಳನೆಯ ಜೀವನಚರಿತ್ರೆಗಳು. ಮೇಲಿನ ಹಲಗೆಯಲ್ಲಿ ದೊಡ್ಡವರ ದಪ್ಪ ಕಾದಂಬರಿಗಳು. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಕೆಳಗಿನ ಹಲಗೆ ಮಕ್ಕಳಿಗೆ ಬೇಸರ ಬಂದಿರುತ್ತದೆ. ಮೇಲಿನದು ಇನ್ನೂ ಎಟುಕುವುದಿಲ್ಲ. ನಡುವಿನ ನಾಲ್ಕೈದು ವರ್ಷಕ್ಕೆ ಏನೂ ಇಲ್ಲ. ಓದುವ ಚಟ ಬಿಟ್ಟುಹೋಗುವುದು ಸರಿಯಾಗಿ ಇಲ್ಲೇ, ಆಮೇಲೆ ಮೊಬೈಲನ್ನು ಬೈದು ಏನು ಪ್ರಯೋಜನ?

ಸಣ್ಣ ಮಕ್ಕಳಿಗೆ ಬರೆಯುವುದರಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. ಶಂ.ಗು. ಬಿರಾದಾರರು, ಶಿಶು ಸಂಗಮೇಶರು ಇಲ್ಲಿಯವರೇ. ದೇಶದ ಮಟ್ಟದಲ್ಲೂ ಮಕ್ಕಳ ಪುಸ್ತಕಕ್ಕೆ ಗೌರವ ಇದೆ, ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2011ರಿಂದ ಯುವ ಪುರಸ್ಕಾರವೂ ಇದೆ, ಆದರೆ ಅದು 35 ವರ್ಷದೊಳಗಿನ ಬರಹಗಾರರಿಗೆ, ಹರೆಯದ ಓದುಗರಿಗೆ ಅಂತ ಬರೆದ ಪುಸ್ತಕಕ್ಕಲ್ಲ. ಅಂದರೆ ಮಗುವಿಗೆ ಜಾಗ ಇದೆ, ಬರೆಯುವ ಯುವಕರಿಗೆ ಜಾಗ ಇದೆ. ಓದುವ ಹದಿನೈದರ ಹುಡುಗಿಗೆ ಇಲ್ಲ.

ಅಮೆರಿಕದ ಒಂದು ಸಂಗತಿ ಹೇಳಲೇಬೇಕು. ಅಲ್ಲಿಯ ಟಲ್ಸಾ ಊರಿನ ಎಸ್.ಇ. ಹಿಂಟನ್ ಎಂಬ ಹುಡುಗಿ ಹೈಸ್ಕೂಲಿನಲ್ಲಿ ಇದ್ದಾಗಲೇ ಒಂದು ಕಾದಂಬರಿ ಬರೆದಳು. ತನ್ನ ವಯಸ್ಸಿನವರ ಬದುಕನ್ನು ಇದ್ದಂತೆ ಹೇಳುವ ಪುಸ್ತಕ ಸಿಗುತ್ತಿಲ್ಲ ಅನ್ನೋದೇ ಅವಳು ಬರೆಯೋಕೆ ಕಾರಣ. ತಂದೆ ತಾಯಿ ಇಲ್ಲದ ಮೂವರು ಅಣ್ಣ ತಮ್ಮಂದಿರು, ಅವರ ಗೆಳೆಯರ ಗುಂಪು, ಬಡವರ ಓಣಿ ಮತ್ತು ಶ್ರೀಮಂತರ ಓಣಿಯ ಹುಡುಗರ ಹೊಡೆದಾಟ, ಇಷ್ಟೇ ಕಥೆ. 1967ರಲ್ಲಿ ಅದು ಅಚ್ಚಾದಾಗ ಅವಳಿಗೆ ಹದಿನೆಂಟು. ಆ ವಯಸ್ಸಿನವರಿಗಾಗಿ ಬರೆಯುವ ಕಾದಂಬರಿ ಅಲ್ಲಿ ಇಷ್ಟು ಬೆಳೆಯೋಕೆ ಆ ಪುಸ್ತಕವೂ ಒಂದು ದೊಡ್ಡ ಕಾರಣ ಅಂತಾರೆ. ಒಬ್ಬಳು ವಿದ್ಯಾರ್ಥಿನಿ ಬರೆದದ್ದು ಅದು. ನಮ್ಮ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಜಮಖಂಡಿಯಲ್ಲೋ ಅಂಥ ಹುಡುಗಿ ಇರಲಾರಳು ಅಂತ ಯಾಕೆ ಅಂದುಕೊಳ್ಳಬೇಕು?

ಶನಿವಾರ ಬೆಳಗಿನ ಶಾಲೆ ಮುಗಿಯುವ ಮುಂಚೆ ನಾನು ಮಕ್ಕಳಿಗೆ ಏನಾದರೂ ಓದಿ ಹೇಳುತ್ತೇನೆ. ಒಮ್ಮೆ ಒಂದು ಸಣ್ಣ ಕಥೆ ಓದಿದೆ. ಅದರಲ್ಲಿ ಅಪ್ಪ ಕುಡಿದು ಬರುತ್ತಾನೆ, ಮಗ ಅದನ್ನು ಗೆಳೆಯನಿಂದ ಮುಚ್ಚಿಡುತ್ತಾನೆ. ಯಾವಾಗಲೂ ಕಚಪಚ ಅನ್ನುವ ಕ್ಲಾಸು ಅವತ್ತು ಪಿಟ್ ಅನ್ನಲಿಲ್ಲ. ಬೆಲ್ ಹೊಡೆದ ಮೇಲೂ ಒಬ್ಬ ಹುಡುಗ ಹಿಂದೆ ಉಳಿದು, "ಟೀಚರ್, ಆ ಹುಡುಗ ಮುಂದ ಏನಾದ? ಇನ್ನೂ ಕತಿ ಐತೇನು?" ಅಂತ ಕೇಳಿದ. ಅದು ಸಣ್ಣ ಕಥೆ, ಅಲ್ಲಿಗೆ ಮುಗಿದಿತ್ತು. ಅವನಿಗೆ ಮುಂದೆ ಬೇಕಿತ್ತು. ಹೀಗೆ ಕೇಳುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಹೆಚ್ಚಿನವರು ಕೇಳುವುದೇ ಇಲ್ಲ. 'ನನ್ನ ಕುಟುಂಬ' ಅಂತ ಪ್ರಬಂಧ ಬರೆಯಲು ಹೇಳಿದರೆ ಎಲ್ಲರ ಮನೆಯಲ್ಲೂ ಅಪ್ಪ ಪ್ರೀತಿಯವರು, ಅಮ್ಮ ತ್ಯಾಗಮಯಿ, ಮನೆ ನಂದಗೋಕುಲ. ಗೈಡಿನಲ್ಲಿ ಹಾಗಿದೆ, ಅವರೂ ಹಾಗೆ ಬರೆಯುತ್ತಾರೆ. ಮನೆಯ ಮಾತು ಹೊಸ್ತಿಲು ದಾಟಬಾರದು ಅಂತ ಹುಟ್ಟಿದಾಗಿನಿಂದ ಕೇಳಿದ ಮಕ್ಕಳು ಬೇರೆ ಏನು ಬರೆಯುತ್ತವೆ? ಇಡೀ ಊರಲ್ಲಿ ತಮ್ಮ ಮನೆ ಒಂದೇ ಹೀಗೆ ಅಂತ ಅವು ನಂಬಿಬಿಡುತ್ತವೆ. ನನಗೆ ಜಾಸ್ತಿ ನೋವು ಕೊಡುವುದು ಈ ನಂಬಿಕೆ. ಒಂದು ಒಳ್ಳೆಯ ಕಾದಂಬರಿ ಇದನ್ನು ಸುಳ್ಳು ಮಾಡಬಲ್ಲದು. ಯಾರೂ ಕರೆದು ಕೂರಿಸಿ ವಿಚಾರಿಸುವುದು ಬೇಕಿಲ್ಲ, ಯಾರ ಮುಂದೆಯೂ ಅಳುವುದು ಬೇಕಿಲ್ಲ, ಹುಡುಗ ಒಬ್ಬನೇ ಕೂತು ಓದಿದರೆ ಸಾಕು.

ಹಾಗಾದರೆ ನಮ್ಮ ಕಡೆಯ ಆ ಕಾದಂಬರಿಯಲ್ಲಿ ಏನಿರಬೇಕು? ನಾನು ಬರಹಗಾರ್ತಿ ಅಲ್ಲ. ಆದರೆ ದಿನಾ ಮಕ್ಕಳ ಮುಖ ನೋಡುವವಳು, ಅದರ ಮೇಲೆ ಹೇಳುತ್ತೇನೆ.

ಮನೆಯ ಕಷ್ಟ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಬರೀ ಕುಡಿತ, ಹೊಡೆತ ಅಲ್ಲ. ಇಲ್ಲಿ ಕಷ್ಟಕ್ಕೆ ಲೆಕ್ಕದ ಪುಸ್ತಕ ಇದೆ, ವಾರದ ಕಂತು ಇದೆ. ಹತ್ತಾರು ಹೆಂಗಸರು ಗುಂಪು ಮಾಡಿಕೊಂಡು ಮೈಕ್ರೋಫೈನಾನ್ಸ್ ಸಾಲ ತೆಗೆಯುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಸೇರಿ ಕಟ್ಟಬೇಕು. ಈಗ ಯೋಚಿಸಿ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಗೆಳತಿಯರು. ಇಬ್ಬರ ಅಮ್ಮಂದಿರೂ ಒಂದೇ ಗುಂಪಿನಲ್ಲಿ. ಒಬ್ಬಳ ಅಮ್ಮನಿಗೆ ಈ ವಾರ ಕಂತು ಹೊಂದಲಿಲ್ಲ. ಇನ್ನೊಬ್ಬಳ ಅಮ್ಮ ಬೇರೆ ಹೆಂಗಸರ ಜೊತೆ ಬಂದು ಇವರ ಬಾಗಿಲ ಮುಂದೆ ಕೂತಿದ್ದಾಳೆ, ದುಡ್ಡು ಕೊಡುವ ತನಕ ಏಳುವುದಿಲ್ಲ ಅಂತ. ಮರುದಿನ ಬೆಳಿಗ್ಗೆ ಆ ಇಬ್ಬರು ಹುಡುಗಿಯರು ಶಾಲೆಯ ದಾರಿಯಲ್ಲಿ ಎದುರಾದರೆ ಏನು ಮಾತಾಡುತ್ತಾರೆ? ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪತ್ರಿಕೆಗಳೆಲ್ಲ ಬರೆದವು, ಅಮ್ಮಂದಿರ ಫೋಟೊ ಬಂತು, ಬಡ್ಡಿಯ ದರ ಬಂತು. ಆ ಮನೆಗಳ ಹುಡುಗಿಯರ ಗೆಳೆತನ ಏನಾಯಿತು ಅಂತ ಯಾರೂ ಬರೆಯಲಿಲ್ಲ. ಅದು ಸುದ್ದಿಯ ಕೆಲಸ ಅಲ್ಲ, ಕಾದಂಬರಿಯ ಕೆಲಸ.

ಕೃಷ್ಣಾ ದಂಡೆಗೆ ಬನ್ನಿ. ಕೊಲ್ಹಾರ ಕಡೆ, ಬಾಗಲಕೋಟೆ ಕಡೆ, ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿಸುತ್ತಾರೆ ಅನ್ನೋದು ಸಣ್ಣ ಹುಡುಗರ ಬಾಯಲ್ಲೂ ಇರುತ್ತದೆ. ಯಾಕೆಂದರೆ ಮನೆಯಲ್ಲಿ ದಿನಾ ಅದೇ ಮಾತು. ಹೊಲ ಹೋಗುತ್ತದೆ, ಪರಿಹಾರ ಬರುತ್ತದೆ, ಪರಿಹಾರ ಬಂದರೆ ಯಾರ ಹೆಸರಿಗೆ, ಅಜ್ಜನ ಕಾಲದ ಖಾತೆ ಯಾರದು, ಹೆಣ್ಣುಮಕ್ಕಳು ಸಹಿ ಹಾಕಬೇಕೋ ಬೇಡವೋ. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಪಡಸಾಲೆಯ ನಡುವೆ ಗೋಡೆ ಏಳುತ್ತದೆ. ಗೋಡೆಯ ಆಚೆ ಕಾಕಾನ ಮಗ ಇದ್ದಾನೆ, ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವನು, ಇವತ್ತಿನಿಂದ ಅವನ ಜೊತೆ ಮಾತಾಡಿದರೆ ಅಪ್ಪ ಬೈಯುತ್ತಾನೆ. ಈ ಗೋಡೆಯ ಕಥೆಯನ್ನು ದೊಡ್ಡವರ ಕಡೆಯಿಂದ ಹೇಳಿದರೆ ಅದು ಆಸ್ತಿಯ ಕಥೆ. ಹದಿನಾಲ್ಕರ ಹುಡುಗನ ಕಡೆಯಿಂದ ಹೇಳಿದರೆ ಪೂರ್ತಿ ಬೇರೆಯೇ ಕಥೆ.

ಇನ್ನು ದಸರೆ ಮುಗಿದ ಮೇಲೆ ಟ್ರ್ಯಾಕ್ಟರ್ ಹತ್ತಿ ಸಾಂಗಲಿ, ಕೊಲ್ಹಾಪುರ, ಇತ್ತ ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯೋಕೆ ಹೋಗುವ ಮನೆಗಳು ಬೇರೆ. ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡ ಮೇಲೆ ಹೋಗಲೇಬೇಕು. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ದೊಡ್ಡ ಹುಡುಗಿ ಇದ್ದರೆ ಅವಳೇ ಅಡುಗೆ ಮಾಡಿ ತಮ್ಮನನ್ನು ಶಾಲೆಗೆ ಕಳಿಸಿ ತಾನೂ ಬರುತ್ತಾಳೆ, ಹೋಮ್‌ವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಅವಳ ಬದಲು ಪಕ್ಕದ ಬೆಂಚಿನ ಗೆಳತಿ ಎದ್ದು ಹೇಳುತ್ತಾಳೆ, "ಅಕಿ ಅವ್ವ ಕಬ್ಬು ಕಡ್ಯಾಕ ಹೋಗ್ಯಾಳ್ರೀ ಟೀಚರ್." ಇಂಥ ಗೆಳೆತನವನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೋಟ್ಸ್ ಬರೆದುಕೊಡುವುದು, ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದು ಕೊಡುವುದು, ಮೊದಲ ಸಲ ಮುಟ್ಟಾದಾಗ ಸುತ್ತಲೂ ನಿಂತು ಮರೆ ಮಾಡಿ ಮನೆಗೆ ಕರೆದುಕೊಂಡು ಹೋಗುವುದು. ಗೆಳೆತನ ಅಂದರೆ ಹಲಸಂಗಿ ಗೆಳೆಯರು ಅಂತ ಹೆಮ್ಮೆಪಡುವ ಜಿಲ್ಲೆ ನಮ್ಮದು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ರೇವಪ್ಪ ಕಾಪಸೆಯವರು ಒಂದು ಸಣ್ಣ ಹಳ್ಳಿಯಲ್ಲಿ ಕೂಡಿ ಓದಿದರು, ಕೂಡಿ ಬರೆದರು. ಜಾತಿ ಧರ್ಮ ಅಡ್ಡ ಬರಲಿಲ್ಲ. ಹಾಗಿರುವಾಗ ಇವತ್ತಿನ ಹಲಸಂಗಿಯ ಹುಡುಗಿಯರ ಗೆಳೆತನಕ್ಕೆ ಒಂದು ಕಾದಂಬರಿ ಬೇಡವೇ?

ಈಗ ಎಲ್ಲರೂ ಹೆದರುವ ವಿಷಯಕ್ಕೆ ಬರುತ್ತೇನೆ. ಮೊದಲ ಪ್ರೀತಿ.

ಅದು ಪುಸ್ತಕದಿಂದ ಬರುವುದಿಲ್ಲ. ಬರುವ ವಯಸ್ಸಿಗೆ ತಾನೇ ಬರುತ್ತದೆ. ಬಸ್ಸಿನಲ್ಲಿ ಬರುತ್ತದೆ, ಟ್ಯೂಷನ್ನಿನಲ್ಲಿ ಬರುತ್ತದೆ, ಸಿದ್ಧೇಶ್ವರ ಜಾತ್ರೆಯ ಜನರ ನಡುವೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಊರಿನಿಂದ ಪಿಯುಸಿಗೆ ಪೇಟೆಗೆ ಹೋಗುವ ಹುಡುಗಿಯರು ಜಾಸ್ತಿ ಆಗಿದ್ದಾರೆ. ಬಹಳ ಒಳ್ಳೆಯದು, ಇನ್ನೂ ಜಾಸ್ತಿ ಆಗಲಿ. ಅದೇ ಬಸ್ಸಿನಲ್ಲಿ ಹುಡುಗರೂ ಇರುತ್ತಾರೆ. ಒಬ್ಬ ಹುಡುಗ ಕಿಟಕಿಯ ಸೀಟು ಹಿಡಿದು ಕೊಟ್ಟರೆ ಅವಳಿಗೆ ಆ ದಿನ ಪೂರ್ತಿ ಅದೇ ನೆನಪು. ಅಷ್ಟೇ. ಅದರಲ್ಲಿ ಕೆಟ್ಟದ್ದು ಏನಿದೆ? ಆದರೆ ಅಷ್ಟಕ್ಕೇ ಮನೆಯಲ್ಲಿ ಗೊತ್ತಾದರೆ ಕಾಲೇಜು ಬಂದ್. ಸೋದರಮಾವ ಇದ್ದೇ ಇದ್ದಾನೆ, ಮುಂದಿನ ತಿಂಗಳು ಅಕ್ಕಿಕಾಳು.

ಕಾನೂನು ಇಲ್ಲ ಅಂತಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಕರ್ನಾಟಕ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿತು. ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಅಂತ ಬರೆದಿದೆ. ಮಕ್ಕಳು ಅದನ್ನು ಓದುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಆದರೆ ರಾತ್ರಿ ಅಡುಗೆಮನೆಯಲ್ಲಿ ಅಜ್ಜಿ ಅಳುತ್ತಾ, ನಿನ್ನ ಲಗ್ನ ನೋಡಿ ಕಣ್ಣು ಮುಚ್ಚುತ್ತೇನೆ ಅಂದಾಗ ಆ ಹುಡುಗಿ ಏನು ಮಾಡಬೇಕು? ಗೋಡೆ ಬರಹ ಅದನ್ನು ಹೇಳುವುದಿಲ್ಲ. ಫೋನ್ ಮಾಡಿದರೆ ಅಪ್ಪನನ್ನು ಪೊಲೀಸರು ಒಯ್ಯುತ್ತಾರೇನೋ ಅನ್ನುವ ಭಯ ಒಂದು ಕಡೆ, ಅಜ್ಜಿಯ ಮೇಲಿನ ಪ್ರೀತಿ ಇನ್ನೊಂದು ಕಡೆ, ಓದಬೇಕು ಅನ್ನುವ ಆಸೆ ಮತ್ತೊಂದು ಕಡೆ, ಇದೆಲ್ಲ ಒಟ್ಟಿಗೆ ಒಂದು ಎಳೆಯ ಜೀವದ ಮೇಲೆ ಬಿದ್ದಾಗ ಅದು ಹೇಗೆ ಯೋಚಿಸುತ್ತದೆ, ಯಾರ ಹತ್ತಿರ ಹೋಗುತ್ತದೆ, ಅದನ್ನು ಒಂದು ಕಥೆ ಹಂತ ಹಂತವಾಗಿ ತೋರಿಸಬಹುದು. ಹುಡುಗರಿಗೂ ಅಷ್ಟೇ. ಹದಿನೆಂಟು ತುಂಬದ ಹುಡುಗಿ ತಾನೇ ಒಪ್ಪಿ ಬಂದಿದ್ದಾಳೆ ಅಂದರೂ 2012ರ ಪೋಕ್ಸೊ ಕಾಯ್ದೆಯಲ್ಲಿ ಆ ಒಪ್ಪಿಗೆಗೆ ಬೆಲೆ ಇಲ್ಲ, ಕೇಸು ಬೀಳುತ್ತದೆ ಅನ್ನೋದು ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ. ಇಷ್ಟವಾದವಳ ಜೊತೆ ಓಡಿಹೋಗುವುದೇ ಗಂಡಸುತನ ಅಂತ ಸಿನಿಮಾ ಹೇಳಿಕೊಟ್ಟಿದೆ. ಇಷ್ಟಪಟ್ಟೂ ದೂರ ಉಳಿಯುವುದು, ಅವಳು ಬೇಡ ಅಂದರೆ ಸುಮ್ನೆ ಹಿಂದೆ ಸರಿಯುವುದು, ಅವಳ ಓದಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದು ಕೂಡ ಪ್ರೀತಿಯೇ ಅಂತ ಅವರಿಗೆ ಯಾರು ಹೇಳಿದ್ದಾರೆ?

ಇಂಥ ಪುಸ್ತಕ ಕೊಟ್ಟರೆ ಮಕ್ಕಳು ಕೆಡುತ್ತಾರೆ ಅಂತ ಪಾಲಕರು ಹೇಳುತ್ತಾರೆ, ನಮ್ಮ ಸ್ಟಾಫ್ ರೂಮಿನಲ್ಲೂ ಈ ಮಾತು ಬಂದಿದೆ. ಅವರ ಭಯ ನನಗೆ ಅರ್ಥವಾಗುತ್ತದೆ, ಹೆಣ್ಣುಮಕ್ಕಳನ್ನು ಬೆಳೆಸುವುದು ಇಲ್ಲಿ ಸುಲಭ ಅಲ್ಲ. ಆದರೆ ಒಂದು ನೆನಪು ಮಾಡುತ್ತೇನೆ. ಹಲಸಂಗಿ ಗೆಳೆಯರು ಹಳ್ಳಿ ಹಳ್ಳಿ ಸುತ್ತಿ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಬೀಸುವಾಗ ಕುಟ್ಟುವಾಗ ನಮ್ಮ ಅಜ್ಜಿಯರು ಹಾಡಿದ್ದು ಏನು? ತವರು ಬಿಟ್ಟು ಬಂದ ನೋವು, ಅತ್ತೆ ಮನೆಯ ಕಷ್ಟ, ಗಂಡನ ಮೇಲಿನ ಪ್ರೀತಿ ಮತ್ತು ಮುನಿಸು, ಮಕ್ಕಳಿಲ್ಲದವಳ ದುಃಖ. ಅದೆಲ್ಲ ಹಾಡುವಾಗ ಸುತ್ತ ಮಕ್ಕಳು ಮಲಗಿರುತ್ತಿದ್ದವು, ಎಚ್ಚರ ಇದ್ದವು ಕೇಳುತ್ತಿದ್ದವು. ಮನೆಯ ಕಷ್ಟವನ್ನೂ ಪ್ರೀತಿಯನ್ನೂ ಮಕ್ಕಳ ಕಿವಿಗೆ ಬೀಳುವ ಹಾಗೆ ಹೇಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಬೀಸುವ ಕಲ್ಲು ಹೋಯಿತು, ಅದರ ಜೊತೆ ಆ ಮಾತೂ ಹೋಯಿತು. ಆ ಜಾಗಕ್ಕೆ ಈಗ ಮೂವತ್ತು ಸೆಕೆಂಡಿನ ರೀಲ್ಸ್ ಬಂದು ಕೂತಿದೆ. ಮಕ್ಕಳು ಕೆಡುವ ಭಯ ಇದ್ದರೆ ಅದಕ್ಕೆ ಹೆದರಬೇಕು, ಮುನ್ನೂರು ಪುಟ ತಾಳ್ಮೆಯಿಂದ ಓದುವ ಹುಡುಗಿಗೆ ಹೆದರಬಾರದು.

ಬರೆಯುವವರಿಗೂ ಒಂದು ಮಾತು. ದಯವಿಟ್ಟು ಬೋಧನೆ ಮಾಡಬೇಡಿ. ನಮ್ಮ ಮಕ್ಕಳು ಬೋಧನೆಯ ವಾಸನೆ ದೂರದಿಂದಲೇ ಹಿಡಿಯುತ್ತಾರೆ. ಕೊನೆಗೆ ಹುಡುಗಿ ಐಎಎಸ್ ಆಗಲೇಬೇಕು ಅಂತಿಲ್ಲ, ಕುಡುಕ ಅಪ್ಪ ಒಂದೇ ರಾತ್ರಿಯಲ್ಲಿ ಬದಲಾಗಬೇಕು ಅಂತಿಲ್ಲ. ಅಪ್ಪ ಹಾಗೇ ಇದ್ದರೂ ಅವಳು ಹೇಗೆ ನಿಂತಳು ಅಂತ ಬರೆಯಿರಿ. ಮಾತುಕತೆ ನಮ್ಮ ಕಡೆಯದ್ದಿರಲಿ, ಮಗಳು ಅವ್ವನ ಜೊತೆ ಗ್ರಾಂಥಿಕ ಭಾಷೆಯಲ್ಲಿ ಜಗಳ ಆಡಿದರೆ ನಮ್ಮ ಹುಡುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಊರಿನ ಹೆಸರು ಹಾಕಿ. ಗೋಳಗುಮ್ಮಟ ಬಂದರೆ ಪ್ರವಾಸಿ ಕಣ್ಣಿಂದ ಬೇಡ, ಅದರ ಹಿಂದಿನ ಓಣಿಯಲ್ಲಿ ಮನೆ ಇರುವ ಹುಡುಗನ ಕಣ್ಣಿಂದ ಬರಲಿ.

ಸಂಪಾದಕರೇ, ನಿಮ್ಮಿಂದ ನಾನು ಕೇಳುವುದು ಒಂದೇ. ನಿಮ್ಮ ಭಾನುವಾರದ ಪುರವಣಿಯಲ್ಲಿ ಹರೆಯದವರಿಗಾಗಿ ಒಂದು ಧಾರಾವಾಹಿ ಕಾದಂಬರಿ ಶುರು ಮಾಡಿ. ಕನ್ನಡದ ಓದುಗರನ್ನು ಬೆಳೆಸಿದ್ದೇ ಧಾರಾವಾಹಿಗಳು. ನನ್ನ ಅಮ್ಮ ವಾರಪತ್ರಿಕೆ ಬರುವ ದಿನ ಬಸ್ ಸ್ಟ್ಯಾಂಡಿನ ಅಂಗಡಿಗೆ ತಮ್ಮನನ್ನು ಓಡಿಸುತ್ತಿದ್ದಳು, ಓದಿದ ಮೇಲೆ ಅದು ಓಣಿಯ ನಾಲ್ಕು ಮನೆ ಸುತ್ತಿ ಬರುತ್ತಿತ್ತು. ಪುಸ್ತಕ ಕೊಳ್ಳೋಕೆ ಇನ್ನೂರು ಮುನ್ನೂರು ರೂಪಾಯಿ ಇಲ್ಲದ ಮನೆಗೂ ಪತ್ರಿಕೆ ತಲುಪುತ್ತದೆ, ಚಹಾದ ಅಂಗಡಿಯಲ್ಲೂ ಕ್ಷೌರದ ಅಂಗಡಿಯಲ್ಲೂ ಇರುತ್ತದೆ. ವಾರಕ್ಕೆ ಒಂದು ಪುಟ ಸಾಕು. ದೊಡ್ಡ ಹೆಸರಿನವರಿಂದಲೇ ಬರೆಸಬೇಕು ಅಂತಿಲ್ಲ. ಮಹಿಳಾ ವಿಶ್ವವಿದ್ಯಾಲಯ ನಮ್ಮ ವಿಜಯಪುರದಲ್ಲೇ ಇದೆ, ಅಲ್ಲಿ ಓದುವ ಹುಡುಗಿಯರಲ್ಲಿ ಬರೆಯುವವರು ಇದ್ದೇ ಇರುತ್ತಾರೆ, ಮೊನ್ನೆ ಮೊನ್ನೆ ಹದಿನಾರು ದಾಟಿದವರು ಅವರು, ಅವರಿಗೆ ಎಲ್ಲ ನೆನಪಿರುತ್ತದೆ.

ಗ್ರಂಥಾಲಯದವರೂ ಈ ಕಡೆ ನೋಡಲಿ. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯಿಂದ ಅದು ಬಂದಿದೆ. ಸಗಟು ಖರೀದಿಯಲ್ಲಿ ಹರೆಯದವರ ಪುಸ್ತಕಕ್ಕೆ ಅಂತ ಒಂದು ಪಾಲು ಎತ್ತಿಟ್ಟರೆ ಪ್ರಕಾಶಕರು ತಾವೇ ಮುಂದೆ ಬರುತ್ತಾರೆ. ಪಂಚಾಯತಿ ಗ್ರಂಥಾಲಯಗಳು ಅರಿವು ಕೇಂದ್ರ ಆಗಿವೆ, 2020ರಲ್ಲಿ 'ಓದುವ ಬೆಳಕು' ಬಂದಾಗಿನಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಕಾರ್ಡು ಕೈಯಲ್ಲಿದೆ, ಎರವಲು ಒಯ್ಯೋಕೆ ಅವರ ಪುಸ್ತಕ ಬೇಕು.

ಧಾರಾವಾಹಿ ಶುರುವಾದರೆ ಪ್ರತಿ ಸೋಮವಾರ ಆ ಪುಟವನ್ನು ನಾನು ಕ್ಲಾಸಿನಲ್ಲಿ ಓದಿಸುತ್ತೇನೆ, ಮಕ್ಕಳು ಬರೆದ ಪತ್ರಗಳನ್ನು ತಿದ್ದದೆ ನಿಮಗೆ ಕಳಿಸುತ್ತೇನೆ. ಬೇರೆ ಶಾಲೆಯ ಕನ್ನಡ ಶಿಕ್ಷಕರೂ ಖಂಡಿತ ಕೈಜೋಡಿಸುತ್ತಾರೆ. ಜೂನ್‌ನಲ್ಲೇ ಮೊದಲ ಕಂತು ಬಂದರೆ ಒಳ್ಳೆಯದು. ದೀಪಾವಳಿ ಕಳೆದರೆ ಹತ್ತನೇ ಕ್ಲಾಸಿನವರಿಗೆ ಪರೀಕ್ಷೆ ಬಿಟ್ಟು ಬೇರೆ ಏನೂ ಓದೋಕೆ ಬಿಡುವುದಿಲ್ಲ, ಮತ್ತೆ ಕೆಲವು ಮಕ್ಕಳು ಅಷ್ಟರಲ್ಲಿ ಕಬ್ಬಿನ ಗ್ಯಾಂಗಿನ ಜೊತೆ ಊರು ಬಿಟ್ಟಿರುತ್ತಾರೆ.

— ಒಬ್ಬ ಕನ್ನಡ ಶಿಕ್ಷಕಿ
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ